ಆಡು ಬಿಟ್ಟು ಹುಡುಗನನ್ನು ಒಯ್ದ ಚಿರತೆ: ನರಭಕ್ಷಕ ಕಥನದ ಒಂದು ಬಯಲುಸೀಮೆಯ ಓದು

ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಜಿಮ್ ಕಾರ್ಬೆಟ್‌ನ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ದ ಬಗ್ಗೆ ಓದುಗರ ಅಭಿಪ್ರಾಯ ಕೇಳಿದರೆ ‘ಮೈ ಜುಮ್ಮೆನ್ನುತ್ತದೆ’, ‘ರಾತ್ರಿ ಒಬ್ಬರೇ ಓದಬಾರದು’ ಎಂಬ ಮಾತುಗಳೇ ಮೊದಲು ಬರುತ್ತವೆ. ಇಂಥವನ್ನು ಜನಪ್ರಿಯ ಓದಿನ ಉದ್ಗಾರವೆಂದು ಬದಿಗಿರಿಸುವುದು ನಮ್ಮ ವಿಮರ್ಶೆಯ ರೂಢಿ. ಆದರೆ ಅಕ್ಕಲಕೋಟ ತಾಲೂಕಿನ ನಾಗಣಸೂರದ ಕಡೆ ಕುರಿ, ಆಡು ಸಾಕುವ ಮನೆತನಗಳ ಓದುಗರಿಂದ ಬೇರೊಂದು ಮಾತು ಕೇಳಿಬರುತ್ತದೆ: ‘ಆಡು ಬಿಟ್ಟು ಹುಡುಗನ್ನ ಒಯ್ತಂದ್ರ ಹ್ಯಾಂಗ ನಂಬೂದು?’ ಮೆಚ್ಚುಗೆಗಿಂತ ಈ ಅಪನಂಬಿಕೆಯೇ ಕೃತಿಯ ಒಳಕ್ಕೆ ಹೆಚ್ಚು ದೂರ ಹೋಗುತ್ತದೆಂಬುದು ನನ್ನ ಎಣಿಕೆ.

ಕಾರ್ಬೆಟ್ ದಾಖಲಿಸಿದ ಪ್ರಸಂಗ ಇದು. ಗಢವಾಲದ ಒಂದು ಹಳ್ಳಿಯಲ್ಲಿ 14 ವರ್ಷದ ಅನಾಥ ಹುಡುಗ, ಅಸ್ಪೃಶ್ಯ ಜಾತಿಯವನು, 40 ಆಡುಗಳನ್ನು ಕಾಯುವ ಕೆಲಸಕ್ಕಿದ್ದಾನೆ. ಸಂಜೆ ಊಟ ಕೊಟ್ಟಾದ ಮೇಲೆ ಅವನನ್ನು ಆಡುಗಳೊಂದಿಗೇ ಕಿಟಕಿಯಿಲ್ಲದ ಸಣ್ಣ ಕೋಣೆಗೆ ಬಿಟ್ಟು ಮಾಲಿಕ ಹೊರಗಿನಿಂದ ಚಿಲಕ ಹಾಕುತ್ತಾನೆ. ಮಾಲಿಕ ಮಲಗುವ ಕೋಣೆ ಸರಿಯಾಗಿ ಅದರ ಮೇಲೆಯೇ. ಹುಡುಗ ಒಳಗಿನಿಂದ ಬಾಗಿಲಿಗೆ ಕಲ್ಲೊಂದನ್ನು ಉರುಳಿಸಿಟ್ಟು, ಆಡುಗಳು ಮೈಮೇಲೆ ನುಗ್ಗದಂತೆ ಮೂಲೆಯಲ್ಲಿ ತಡಿಕೆ ಕಟ್ಟಿಕೊಂಡು ಮಲಗುತ್ತಾನೆ. ಒಂದು ರಾತ್ರಿ ಚಿರತೆ ಬಾಗಿಲು ತೆರೆದು, 40 ಆಡುಗಳನ್ನು ದಾಟಿ, ಅವನನ್ನು ಒಯ್ಯುತ್ತದೆ. ಒಂದೇ ಒಂದು ಆಡಿಗೂ ತರಚುಗಾಯವಿಲ್ಲ.

ಸೊಲ್ಲಾಪುರದ ಸೀಮೆ ದಟ್ಟ ಕಾಡಿನದಲ್ಲ. ಜೋಳದ ಹೊಲ, ಕುರುಚಲು ಹುಲ್ಲುಗಾವಲು, ಅದರಲ್ಲಿ ತೋಳ. ಮಾಳಢೋಕ ಪಕ್ಷಿಯಿಂದ ಹೆಸರಾದ ನಾನ್ನಜದ ಹುಲ್ಲುಗಾವಲು ತೋಳಗಳ ನೆಲೆಯೂ ಹೌದು. (ತೇಜಸ್ವಿಯವರ ‘ಜಾಲಹಳ್ಳಿಯ ಕುರ್ಕ’ದ ಹೆಸರಿನಲ್ಲೇ ಇಲ್ಲಿಯ ಓದುಗ ಎಡವುತ್ತಾನೆ; ಚಿರತೆಯನ್ನು ಕುರ್ಕ ಎನ್ನುವ ಮಾತು ಈ ಕಡೆಯದಲ್ಲ.) ಇಲ್ಲಿಯ ಕುರಿಗಾರನ ಲೆಕ್ಕದಲ್ಲಿ ಹಿಂಸ್ರಪಶುವೆಂದರೆ ಮರಿ ಹೊತ್ತೊಯ್ಯುವಂಥದು. ಎಳವೆಯಲ್ಲಿ ಕೇಳಿದ ‘ತೋಳ ಬಂತು ತೋಳ’ ಕತೆಯಲ್ಲೂ ಕುರಿಗಳೇ ಹೋಗುತ್ತವೆ, ತಪ್ಪು ಮಾತ್ರ ಕೂಗಿದ ಹುಡುಗನ ಪಾಲಿಗೆ ಬರುತ್ತದೆ. ಕಾರ್ಬೆಟ್‌ನ ಪ್ರಸಂಗ ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಪೇಟೆಯ ಓದುಗನ ಕಣ್ಣು ಚಿರತೆಯ ಚಾಣಾಕ್ಷತೆಯ ಮೇಲೆ ನೆಡುತ್ತದೆ. ಇವರ ಕಣ್ಣು ಸುಖವಾಗಿ ಉಳಿದ ಆಡುಗಳ ಮೇಲೆ. ಆಗ ಆ ಚಿಲಕ ಯಾರ ರಕ್ಷಣೆಗಾಗಿ ಇತ್ತೆಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಇಡೀ ಕೃತಿಯ ಭಯದ ಬಣ್ಣ ಬದಲಾಗುತ್ತದೆ. 1918ರಿಂದ 1926ರವರೆಗೆ ಆ ಚಿರತೆ ಕೊಂದವರು ಸರಕಾರಿ ಲೆಕ್ಕದಲ್ಲಿ 125 ಮಂದಿ. ಗಢವಾಲದ ಜನ ಅದನ್ನು ದುಷ್ಟಶಕ್ತಿಯೆಂದು ನಂಬಿದರು, ಕಾರ್ಬೆಟ್ ಒಪ್ಪಲಿಲ್ಲ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಹೆಣಗಳನ್ನು ಸುಡಲಾಗದೆ ಬಾಯಿಗೆ ಕೆಂಡವಿಟ್ಟು ಕಣಿವೆಗೆ ತಳ್ಳಿದರು, ಚಿರತೆಗೆ ನರಮಾಂಸದ ರುಚಿ ಹತ್ತಿದ್ದು ಅಲ್ಲಿಂದ ಎಂಬುದು ಅವನ ವಿವರಣೆ. ಅಂದರೆ ಭಯದ ಮೊದಲಲ್ಲೂ ಮನುಷ್ಯರ ಕೈ ಇದೆ. ಹಾಗೆಂದು ಚಿರತೆಯನ್ನು ಬರಿಯ ಸಾಮಾಜಿಕ ರೂಪಕವಾಗಿಸುವುದು ಸಲ್ಲ. ಕತ್ತಲಲ್ಲಿ ಬಾಗಿಲು ಕೆರೆಯುವ ಪ್ರಾಣಿ ಪ್ರಾಣಿಯಾಗಿಯೇ ಹೆದರಿಸುತ್ತದೆ. ಮರಾಠಿಯನ್ನೂ ಓದುವ ನಮ್ಮವರಿಗೆ ವ್ಯಂಕಟೇಶ ಮಾಡಗೂಳಕರರ ‘ಸತ್ತಾಂತರ’ ನೆನಪಾಗಬಹುದು. 1983ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಮುಸುವಗಳ ಹಿಂಸೆ ಮುಸುವಗಳ ನಡುವೆಯೇ ನಡೆಯುತ್ತದೆ, ನಾವು ದೂರ ನಿಂತು ನೋಡುತ್ತೇವೆ. ರುದ್ರಪ್ರಯಾಗದ ಕಥನದಲ್ಲಿ ಆ ದೂರವಿಲ್ಲ.

ಕಾರ್ಬೆಟ್‌ನ ಮಿತಿಯೂ ಇಲ್ಲಿಯೇ ಕಾಣುತ್ತದೆ. ಚಿಲಕದ ಸರಪಳಿ, ಕೊಂಡಿ, ಅದಕ್ಕೆ ಸಿಕ್ಕಿಸಿದ ಮರದ ತುಂಡು, ಎಲ್ಲವನ್ನೂ ಬೇಟೆಗಾರನ ನಿಖರತೆಯಿಂದ ವರ್ಣಿಸುವ ಅವನು ಹುಡುಗನ ಜಾತಿಯನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ, ಹುಡುಗನಿಗೆ ಹೆಸರಿಲ್ಲ. ಅವನು ನಿದ್ದೆಯಿಂದ ಏಳಲಿಲ್ಲ, ಕೂಗಲಿಲ್ಲ ಎಂದು ಊಹಿಸಿ ಮುಂದೆ ಸಾಗುತ್ತಾನೆ. ಬಾಗಿಲನ್ನು ಎಂದಿನಂತೆ ಭದ್ರಪಡಿಸಿದ್ದೆನೆಂಬ ಮಾಲಿಕನ ಹೇಳಿಕೆಯನ್ನು ಅನುಮಾನಿಸಲು ಅವನಿಗೆ ಕಾರಣ ತೋರಲಿಲ್ಲ. ಬಾಗಿಲ ಮೇಲಿನ ಉಗುರುಗೀರುಗಳೇ ಅವನಿಗೆ ಸಾಕ್ಷಿ. ನಾಗಣಸೂರದ ಕಡೆಯ ಓದುಗರು ‘ಹ್ಯಾಂಗ ನಂಬೂದು’ ಎಂದಾಗ ಅವರು ನಂಬದಿರುವುದು ಚಿರತೆಯನ್ನೋ, ಮಾಲಿಕನನ್ನೋ ಎಂಬುದನ್ನು ನಾವಿನ್ನೂ ಬಿಡಿಸಿ ಕೇಳಿಲ್ಲ.