ಕಂದಕಪೂರಣ ವಿಮರ್ಶೆ

ತೋಡಿದ ನೆಲವನ್ನು ಮತ್ತೆ ತುಂಬುವ ಕಾರ್ಯವನ್ನು ನಮ್ಮ ಶಾಸ್ತ್ರಕಾರರು ಅಲ್ಪವೆಂದು ಎಣಿಸಿದವರಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಪ್ರಕರಣದಲ್ಲಿ ಒಂದು ಕೈಯಳತೆಯ ಕುಳಿಯನ್ನು ತೋಡಿಸಿ, ಅದೇ ಮಣ್ಣಿನಿಂದ ಅದನ್ನು ತುಂಬಿಸಿ, ಮಣ್ಣು ಮಿಕ್ಕರೆ ಭೂಮಿಯು ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಧಮ ಎಂದು ನಿರ್ಣಯಿಸಿರುವನು. ಆದರೆ ಇದು ಭೂಪರೀಕ್ಷೆಯೇ ಹೊರತು ಪೂರಣವಿಧಿಯಲ್ಲ. ತುಂಬಿದ ಮಣ್ಣು ಭಾರವನ್ನು ಹೇಗೆ ತಾಳೀತೆಂಬುದು ಬೇರೆಯೇ ಪ್ರಶ್ನೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಈ ಪ್ರಶ್ನೆಯು ವಿಶೇಷವಾಗಿ ವಿಚಾರಣೀಯವಾಗಿದೆ. ಇಲ್ಲಿ ಕೆಳಗೆ ಸುಣ್ಣಕಲ್ಲು, ಮೇಲೆ ಬಹುಭಾಗದಲ್ಲಿ ಎರೆಮಣ್ಣು. ಎರೆಮಣ್ಣು ನೀರುಂಡು ಉಬ್ಬುವುದು, ಬೇಸಗೆಯಲ್ಲಿ ಕುಗ್ಗಿ ಬಿರಿಯುವುದು. ನೀರಿನ ಕೊಳವೆಗಾಗಿ ಅಗೆದ ಕಂದಕವನ್ನು ಇದೇ ಮಣ್ಣಿನಿಂದ ತುಂಬಿ, ಪದರಪದರವಾಗಿ ದಿಮ್ಮಿಸದೆ ಬಿಟ್ಟರೆ, ಮಳೆಗಾಲವು ಬಂದೊಡನೆ ರಸ್ತೆಯು ಕುಸಿಯುವುದು. ಚೆನ್ನಾಗಿ ದಿಮ್ಮಿಸಿದರೂ ಮಣ್ಣಿನ ಉಬ್ಬುವ ಸ್ವಭಾವವು ಹೋಗದು.

ಇದಕ್ಕೆ ಪ್ರತಿಯಾಗಿ ಹರಿಯುವ ಸಿಮೆಂಟು ಪೂರಣವೆಂಬ ಕ್ರಮವುಂಟು. ಸ್ವಲ್ಪ ಸಿಮೆಂಟು, ಹಾರುಬೂದಿ, ಮರಳು ಅಥವಾ ಕಲ್ಲಿನ ಪುಡಿ, ಯಥೇಷ್ಟವಾದ ನೀರು ಇವುಗಳನ್ನು ಕಲಸಿ ಸುರಿದರೆ, ಅದು ಅಂಬಲಿಯಂತೆ ಹರಿದು ಕೊಳವೆಯ ಅಡಿಯ ಸಂದುಗಳನ್ನೂ ತುಂಬಿ ಗಟ್ಟಿಯಾಗುವುದು, ದಿಮ್ಮಿಸುವ ಕೆಲಸವಿಲ್ಲ. 1964ರಲ್ಲಿ ಅಮೆರಿಕಾದ ಟೆಕ್ಸಸ್ ಸಂಸ್ಥಾನದಲ್ಲಿ, ಕೆನೇಡಿಯನ್ ನದಿಯ ನೀರನ್ನು ಸಾಗಿಸುವ ಕೊಳವೆಮಾರ್ಗಕ್ಕೆ ಸ್ಥಳೀಯ ಮರಳಿಗೆ ಸಿಮೆಂಟು ಬೆರೆಸಿ ಇಂಥ ಆಧಾರವನ್ನು ಕಲ್ಪಿಸಿದರು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: ಸಿಮೆಂಟಿನ ಕಾರ್ಖಾನೆಗಳೇ ತುಂಬಿರುವ ಈ ನಾಡಿನಲ್ಲಿ ಸಿಮೆಂಟನ್ನು ಅಲ್ಪವಾಗಿ ಬಳಸುವುದೇಕೆ? ಗಟ್ಟಿಯಾದಷ್ಟೂ ಲೇಸಲ್ಲವೆ? ಈ ವಾದವು ಸಾಧುವಲ್ಲ. ಕೆಟ್ಟ ಕೊಳವೆಯನ್ನು ನಾಳೆ ಅಗೆದು ತೆಗೆಯಬೇಕಾದೀತು. ಆದುದರಿಂದಲೇ ಅಮೆರಿಕಾದ ಕಾಂಕ್ರೀಟು ಸಂಸ್ಥೆಯು ಈ ವರ್ಗದ ಮಿಶ್ರಣಗಳ ಬಲಕ್ಕೆ 8.3 ಮೆಗಾಪಾಸ್ಕಲ್ ಪರಮಾವಧಿಯೆಂದು ವಿಧಿಸಿದೆ. ಮುಂದೆ ಅಗೆಯಬೇಕಾದಲ್ಲಿ ಬಲವು 2.1ನ್ನು ಮೀರಬಾರದು. ಕಂಬಕ್ಕೆ ದೋಷವಾದ ದೌರ್ಬಲ್ಯವು ಕಂದಕಕ್ಕೆ ಗುಣವೇ ಆಗಿದೆ. ಗುಣದೋಷಗಳು ಪ್ರಯೋಗಸ್ಥಾನವನ್ನು ಅನುಸರಿಸುವುವೆಂಬುದು ಅಲಂಕಾರಶಾಸ್ತ್ರದ ಔಚಿತ್ಯವಿಚಾರವನ್ನು ಬಲ್ಲವರಿಗೆ ಹೊಸತಲ್ಲ. ಕವಿರಾಜಮಾರ್ಗವು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೂ ಈ ಸೇಡಂ ಸೀಮೆಯ ಮಳಖೇಡವೇ. ಆ ಗ್ರಂಥವು ದೋಷವಿಚಾರದಿಂದಲೇ ಆರಂಭವಾಗುವುದು ಇಲ್ಲಿ ಸ್ಮರಣೀಯ.

ಹೊಸ ಕ್ರಮದಲ್ಲಿಯೂ ದೋಷಗಳಿಲ್ಲದಿಲ್ಲ. ದ್ರವದಲ್ಲಿ ಟೊಳ್ಳು ಕೊಳವೆಯು ತೇಲೀತು. ಅದನ್ನು ಬಿಗಿದು, ಹಂತಹಂತವಾಗಿ ಸುರಿಯಬೇಕು. ಎಳೆಯ ಗೋಡೆಯ ಮೇಲೆ ದ್ರವದ ಒತ್ತಡವೂ ಬೀಳುವುದು. ಮಣ್ಣಿಗಿಂತ ಮಿಶ್ರಣಕ್ಕೆ ವೆಚ್ಚವು ಹೆಚ್ಚು. ಆದುದರಿಂದ ವಿಶಾಲವಾದ ಬಯಲಿನಲ್ಲಿ, ಒಳ್ಳೆಯ ಗರಸು ಸಮೀಪದಲ್ಲಿ ದೊರೆಯುವಾಗ, ತಕ್ಕ ತೇವದಲ್ಲಿ ಪದರಪದರವಾಗಿ ದಿಮ್ಮಿಸುವ ಹಳೆಯ ವಿಧಿಯೇ ಯುಕ್ತವಾದುದು.

ಆದರೆ ವೆಚ್ಚವನ್ನು ಎಣಿಸುವವರು ಒಂದನ್ನು ಮರೆಯಲಾಗದು. ಇಕ್ಕಟ್ಟಾದ ಆಳದ ಕಂದಕದಲ್ಲಿ ದಿಮ್ಮಿಸುವುದಕ್ಕೆ ಕೂಲಿಯವನು ಇಳಿಯಬೇಕು. ಪಕ್ಕದ ಮಣ್ಣು ಜರಿದರೆ ಅವನ ಪ್ರಾಣಕ್ಕೇ ಸಂಚಕಾರ. ಹರಿಯುವ ಪೂರಣವನ್ನು ಮೇಲಿನಿಂದಲೇ ಸುರಿಯಬಹುದು. ಮಣ್ಣು ಅಗ್ಗವೆಂದು ತೋರುವ ಲೆಕ್ಕದಲ್ಲಿ ಈ ಬಾಬತ್ತು ಸೇರಿರುವುದಿಲ್ಲ. ಇಂಥ ಸ್ಥಳದಲ್ಲಿ ಹೊಸ ಕ್ರಮವೇ ಗ್ರಾಹ್ಯವೆಂಬುದು ಸಿದ್ಧಾಂತ.