ಬ್ಯಾಕ್ ಕಂಪ್ರೆಶನ್ ನೋಡುವವರು

ದೂಧಗಂಗೆಯ ಈಚೆ ದತ್ತವಾಡ, ಘೋಸರವಾಡ, ಕುರುಂದವಾಡ. ಆಚೆ ಮಲಿಕವಾಡ, ಸದಲಗಾ. ಕಬ್ಬಿನ ಈ ಪಟ್ಟಿಯಲ್ಲಿ ಒಂದು ಮಾತಿಗೆ ಎದುರಾಡುವವರಿಲ್ಲ: ಜಗ್ಗುವ ಕೆಲಸಕ್ಕೆ ಡೀಸೆಲ್ಲೇ ಆಗಬೇಕು, ಅದೂ ಹಳೇ ಇಂಜಿನ್ ಆದರೆ ಇನ್ನೂ ಒಳ್ಳೆಯದು. "ಜೂನಾ ಮಾಲ ಐತ್ರಿ, ಎರಡೂ ಟ್ರಾಲಿ ಆರಾಮ ಜಗ್ಗತೈತಿ" ಎಂದು ಮಾರುವವನು ಹೇಳಿದನೆಂದರೆ ವ್ಯಾಪಾರ ಕುದುರಿತು. ಈ ಕೀರ್ತಿಯಲ್ಲಿ ಇಂಜಿನ್ನಿಗೆ ಸಲ್ಲಬೇಕಾದದ್ದು ಎಷ್ಟು, ನಾವು ಕಣ್ಣು ಮುಚ್ಚಿ ಇಡೀ ಗಾಡಿಗೆ ಹಂಚಿಬಿಟ್ಟದ್ದು ಎಷ್ಟು ಎಂದು ಯಾರೂ ಬೇರ್ಪಡಿಸಿ ನೋಡಿದಂತಿಲ್ಲ.

ಇಂಜಿನ್ನಿಗೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ, ಅದಕ್ಕೆ ಹೆಚ್ಚು ಹೊತ್ತು ಬೇಡ. ಡೀಸೆಲ್ ಇಂಜಿನ್ ಬರೀ ಗಾಳಿಯನ್ನು 16ರಿಂದ 20 ಪಟ್ಟು ಅದುಮುತ್ತದೆ. ಪೆಟ್ರೋಲಿನದು 10 ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಟ್ರ್ಯಾಕ್ಟರಿನ ಪಂಪಿನಲ್ಲಿ ಗವರ್ನರ್ ಕೂತಿರುತ್ತದೆ. ಭಾರ ಬಿದ್ದು ಸುತ್ತು ಇಳಿಯುತ್ತಿದ್ದಂತೆ ಅದು ತಾನಾಗಿಯೇ ಎಣ್ಣೆ ಏರಿಸುತ್ತದೆ. ಹಾಗಾಗಿ ನಿಮಿಷಕ್ಕೆ 2000 ಸುತ್ತಿನಿಂದ 1400ಕ್ಕೆ ಕುಸಿದಾಗ ಇಂಜಿನ್ ಸೋಲುವುದಿಲ್ಲ, ಇನ್ನಷ್ಟು ಜೋರಾಗಿ ತಿರುಗಿಸುತ್ತದೆ. ಹಸಿ ಕರಿಮಣ್ಣಿನ ಕಬ್ಬಿನ ಫಡದಿಂದ ತುಂಬಿದ ಟ್ರಾಲಿಯನ್ನು ರಸ್ತೆಗೆ ಏರಿಸುವಾಗ ಬೇಕಾದದ್ದು ಈ ಗುಣವೇ. ಇದರಲ್ಲಿ ನನ್ನ ತಕರಾರಿಲ್ಲ.

ಪೆಟ್ರೋಲೋ ಡೀಸೆಲ್ಲೋ ಎಂಬ ಚರ್ಚೆಯನ್ನು ಪೇಟೆಯ ವಾಹನ ಅಂಕಣಕಾರರು ಈಚೆಗೆ ಮತ್ತೆ ಎಬ್ಬಿಸಿದ್ದಾರೆ. ಟರ್ಬೊ ಪೆಟ್ರೋಲ್ ಬಂದ ಮೇಲೆ ಡೀಸೆಲ್ಲಿನ ಕಾಲ ಮುಗಿಯಿತು ಎಂಬುದು ಅವರ ವಾದ. ಅವರ ಕಣ್ಣಮುಂದಿರುವುದು ಕಾರು. ಜಗ್ಗುವವನು ಹಳೇ ಬಾಜಾರಿಗೆ ಹೋದರೆ ಅಲ್ಲಿ ಪೆಟ್ರೋಲ್ ಟ್ರ್ಯಾಕ್ಟರೆಂಬುದೇ ಇಲ್ಲ. ಪೆಟ್ರೋಲ್, ಸಿಎನ್‌ಜಿ ಸಿಗುವುದು ಟಾಟಾ ಏಸ್ ಜಾತಿಯ ಸಣ್ಣ ಗಾಡಿಗಳಲ್ಲಿ. ಅವು ಹೊರುವ ಗಾಡಿಗಳು, ಜಗ್ಗುವವಲ್ಲ. ಇನ್ನೊಂದು ಸಂಗತಿಯನ್ನು ಅಂಕಣಕಾರರು ಮರೆಯುತ್ತಾರೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. 2023ಕ್ಕಿಂತ ಹಿಂದಿನ ಬಹಳಷ್ಟು ಪೆಟ್ರೋಲ್ ಗಾಡಿಗಳ ರಬ್ಬರ್ ಪೈಪು, ಸೀಲುಗಳನ್ನು ಅಷ್ಟು ಎಥೆನಾಲಿಗೆಂದು ಮಾಡಿಯೂ ಇರಲಿಲ್ಲ. ಕೊಲ್ಲಾಪುರ ಸೀಮೆಯ ಕಬ್ಬಿನ ರಸವೂ ಆ ಎಥೆನಾಲಿಗೆ ಸೇರುತ್ತದೆ. ಆ ಕಬ್ಬನ್ನು ಕಾರಖಾನೆಗೆ ಮುಟ್ಟಿಸುವುದು ಮಾತ್ರ ಡೀಸೆಲ್. ಹೀಗಾಗಿ ಅಂಕಣಕಾರರ ಜಗಳ ಇಲ್ಲಿ ಹುಟ್ಟುವುದೂ ಇಲ್ಲ, ಬೆಳೆಯುವುದೂ ಇಲ್ಲ.

ನನ್ನ ಜಗಳವಿರುವುದು ನಮ್ಮವರ ಪರೀಕ್ಷೆಯ ಜೊತೆ. ಹಳೇ ಟ್ರ್ಯಾಕ್ಟರ್ ನೋಡಲು ಹೋಗುವಾಗ ಒಬ್ಬ ಮೇಸ್ತ್ರಿಯನ್ನು ಕರೆದೊಯ್ಯುವುದು ವಾಡಿಕೆ. ಆತ ಇಂಜಿನ್ ಚಾಲೂ ಮಾಡಿಸುತ್ತಾನೆ, ಆಯಿಲ್ ಹಾಕುವ ಮುಚ್ಚಳ ತೆಗೆಯುತ್ತಾನೆ, ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾನೆ. ಹೊಗೆ ಬುಸುಗುಟ್ಟಿದರೆ ಮುಖ ಹುಳ್ಳಗೆ, ಬರದಿದ್ದರೆ "ಬ್ಯಾಕ್ ಕಂಪ್ರೆಶನ್ ಇಲ್ರಿ, ತಗೋರಿ." ಲಕ್ಷಾಂತರ ರೂಪಾಯಿಯ ವ್ಯವಹಾರ ಅಲ್ಲಿಗೆ ತೀರ್ಮಾನ. ಉಳಿದದ್ದು ಟಾಯರಿನ ಗುಂಡಿ ಎಣಿಸುವುದು, ಬಾನೆಟ್ಟಿನ ಬಣ್ಣ ನೋಡುವುದು.

ಈ ಅಂಗೈ ನಿಜವಾಗಿ ಏನನ್ನು ಓದುತ್ತದೆ? ಪಿಸ್ಟನ್ ರಿಂಗುಗಳು ಸವೆದಿದ್ದರೆ ಉರಿದ ಗಾಳಿ ಕೆಳಗೆ ಸೋರಿ, ಆಯಿಲ್ ತುಂಬಿದ ಹೊಟ್ಟೆಯಿಂದ ಮೇಲೆ ಬರುತ್ತದೆ. ಅಂಗೈಗೆ ತಿಳಿಯುವುದು ಇದೊಂದೇ, ಅದೂ ಇಂಜಿನ್ ಭಾರವಿಲ್ಲದೆ ಗುರುಗುಟ್ಟುತ್ತ ನಿಂತಿರುವಾಗ. ಫಡದಲ್ಲಿ ಸಿಲಿಂಡರಿನೊಳಗೆ ಏಳುವಷ್ಟು ಒತ್ತಡ ಆಗ ಇರುವುದಿಲ್ಲ. ಮಾರುವವನು ದಪ್ಪ ಆಯಿಲ್ ಹಾಕಿಟ್ಟಿದ್ದರೆ ಸೋರಿಕೆ ಕೆಲವು ದಿನ ಅಡಗಿರುತ್ತದೆ. ಗಿರಾಕಿ ಬರುವ ಮೊದಲೇ ಇಂಜಿನ್ ಕಾಯಿಸಿಟ್ಟಿದ್ದರೆ ತಣ್ಣಗಿದ್ದಾಗ ಅದು ಎಷ್ಟು ತಿಣುಕುತ್ತದೆ ಎಂಬುದೂ ಮುಚ್ಚಿಹೋಯಿತು. ಆದರೂ ಈ ಪರೀಕ್ಷೆ ಸುಳ್ಳೆಂದು ನಾನು ಹೇಳಲಾರೆ. ರಿಂಗು ಸವೆದ ಇಂಜಿನ್ನನ್ನು ಬಹುಮಟ್ಟಿಗೆ ಅದು ಹಿಡಿದುಕೊಡುತ್ತದೆ. ದೋಷವಿರುವುದು ಅದರ ಅಧಿಕಾರದಲ್ಲಿ: ಒಂದು ಭಾಗಕ್ಕೆ ಮಾಡಿದ ಪರೀಕ್ಷೆ ಇಡೀ ಗಾಡಿಯ ತೀರ್ಪಾಗಿಬಿಟ್ಟಿದೆ.

ಜಗ್ಗಿದ ಟ್ರ್ಯಾಕ್ಟರ್ ಹಾಳಾಗುವುದು ಇಂಜಿನ್ನಿನಲ್ಲಿ ಮಾತ್ರವಲ್ಲ. ಲಾರಿಗಿರುವಂಥ ಚಾಸಿ ಬಹುತೇಕ ಟ್ರ್ಯಾಕ್ಟರುಗಳಿಗಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟಾಗಿ ಅವೇ ಬೆನ್ನೆಲುಬಾಗಿರುತ್ತವೆ. ಹಂಗಾಮು ಹಂಗಾಮಿಗೆ ಎರಡು ಟ್ರಾಲಿ ಜಗ್ಗಿದ ಬೆನ್ನೆಲುಬು ಆ ಕೂಡುಗಳಲ್ಲೇ ಬಾಯಿ ಬಿಡುತ್ತದೆ. ಅಲ್ಲಿ ಆಯಿಲ್ ಜಿನುಗಿದೆಯೇ, ವೆಲ್ಡಿಂಗಿನ ಗುರುತಿದೆಯೇ ಎಂದು ಬಗ್ಗಿ ನೋಡುವವರು ಕಡಿಮೆ. ಹಿಂದಿನ ಹುಕ್ಕಿನ ತೂತು ಇನ್ನೂ ಚೊಕ್ಕ ಸಾಕ್ಷಿ. ಅವರ್ ಮೀಟರಿನ ಕೇಬಲ್ಲನ್ನು ಯಾರು ಬೇಕಾದರೂ ಕಳಚಬಹುದು. ದುಂಡಗಿದ್ದ ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ ಆ ಗಾಡಿ ಏನೇನು ಜಗ್ಗಿದೆ ಎಂಬುದನ್ನು ಮುಚ್ಚಿಡುವುದು ಕಷ್ಟ. ಆ ಹುಕ್ಕು ಹಿಂದಿನ ಆಕ್ಸಲ್ಲಿಗಿಂತ ಮೇಲಿದ್ದರೆ ಇನ್ನೂ ಕೆಟ್ಟದ್ದು: ಎಳೆತ ಹೆಚ್ಚಿದಂತೆ ಮೂತಿ ಎದ್ದು, ಮುಂದಿನ ಗಾಲಿಗಳು ನೆಲ ಬಿಡುತ್ತವೆ. ಸ್ಟೇರಿಂಗ್ ಕೈಯಲ್ಲಿರುತ್ತದೆ, ಗಾಡಿ ಇರುವುದಿಲ್ಲ. ಅದಕ್ಕೆ ನಮ್ಮವರ ಮದ್ದು ಮೂತಿಗೆ ಇನ್ನಷ್ಟು ಕಬ್ಬಿಣದ ವೇಟ್ ಹೇರುವುದು.

ಇನ್ನು ಬ್ರೇಕು. ಮೇಸ್ತ್ರಿಯ ಅಂಗೈ ಸುಳಿಯದ ಕಡೆ ಇದು.

ನಮ್ಮ ರಸ್ತೆಗಳಲ್ಲಿ ಕಾಣುವ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ. ಟ್ರಾಲಿಗಳಿಗೆ ಬಹುಪಾಲು ಏನೂ ಇರುವುದಿಲ್ಲ. ನಾಲ್ಕು ಗಾಲಿಯ ಎರಡು ಟ್ರಾಲಿ, ಅವುಗಳ ಕಬ್ಬು, ಟ್ರ್ಯಾಕ್ಟರ್ ಎಲ್ಲ ಸೇರಿ 25 ಟನ್ ಎಂದು ಇಟ್ಟುಕೊಳ್ಳೋಣ. ಕಾರಖಾನೆಯ ಕಾಟಾದ ಮೇಲೆ ಇದು ಅಪರೂಪದ ಅಂಕಿಯಲ್ಲ. ಟ್ರ್ಯಾಕ್ಟರಿನ ತೂಕ ಎರಡೂವರೆ ಟನ್, ಅದರಲ್ಲಿ ಹಿಂದಿನ ಗಾಲಿಗಳ ಮೇಲೆ ಕೂರುವುದು ಸುಮಾರು 1.7 ಟನ್. ಒಣ ಟಾರು ರಸ್ತೆಯಲ್ಲಿ ಆ ಟಾಯರುಗಳು ಹೆಚ್ಚೆಂದರೆ ಒಂದು ಟನ್ನಿನಷ್ಟು ತಡೆ ಕೊಟ್ಟಾವು. 25 ಟನ್ನಿಗೆ ಒಂದು ಟನ್ ತಡೆ. ಗಂಟೆಗೆ 25 ಕಿಲೋಮೀಟರ್ ವೇಗದಿಂದ ನಿಲ್ಲಲು ಬ್ರೇಕಿನ ಬಲವೊಂದರಿಂದಲೇ ಸುಮಾರು 60 ಮೀಟರ್ ಬೇಕು. ಗಾಲಿಗಳು ಉರುಳುವಾಗಿನ ಘರ್ಷಣೆಯನ್ನು ಜಮೆಗೆ ಹಿಡಿದರೂ 40 ಮೀಟರಿಗಿಂತ ಕೆಳಗೆ ಬರುವುದು ಕಷ್ಟ. ಚಾಲಕ ನೋಡಿ ಕಾಲಿಡುವ ಹೊತ್ತು ಇದರಲ್ಲಿ ಸೇರಿಲ್ಲ. ಎಲ್ಲ ಗಾಲಿಗೂ ಬ್ರೇಕಿರುವ ಲಾರಿ ಅದೇ ಭಾರ ಹೊತ್ತು ಅದೇ ವೇಗದಿಂದ ಬ್ರೇಕ್ ಬಿದ್ದ 10 ಮೀಟರಿನೊಳಗೆ ನಿಲ್ಲುತ್ತದೆ.

ಇಳಿಜಾರಿನಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. 25 ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಭೂಮಿ ಮುಂದಕ್ಕೆ ನೂಕುವ ಬಲವೂ ಒಂದು ಟನ್ನೇ. ಬ್ರೇಕ್ ಪೂರ್ತಿ ಒತ್ತಿದರೂ ಅದು ಇಳಿಜಾರಿಗೇ ಖರ್ಚಾಯಿತು, ನಿಲ್ಲಿಸಲು ಉಳಿದದ್ದು ಬರೀ ಉರುಳುವ ಘರ್ಷಣೆ. ದತ್ತವಾಡ–ಮಲಿಕವಾಡ ನಡುವಿನ ತಗ್ಗು ಸೇತುವೆ ಮಳೆಗಾಲದಲ್ಲಿ ನೀರಿನಡಿ ಹೋಗುವಂಥದ್ದು. ಇಂಥ ಸೇತುವೆಗಳಿಗೆ ಎರಡೂ ದಂಡೆಯಿಂದ ಇಳಿದೇ ಬರಬೇಕು. ಅಂಥಲ್ಲಿ ಎಣ್ಣೆ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಾಲಕರನ್ನು ನಾವೆಲ್ಲ ನೋಡಿದ್ದೇವೆ. ಎಡ–ಬಲ ಪೆಡಲುಗಳ ನಡುವಿನ ಕೊಂಡಿ ಹಾಕಿಲ್ಲದಿದ್ದರೆ, ಅಥವಾ ಹಾಕಿದ್ದರೂ ಒಂದು ಕಡೆಯ ಪ್ಲೇಟು ಹೆಚ್ಚು ಸವೆದಿದ್ದರೆ, ಟ್ರ್ಯಾಕ್ಟರ್ ಒಂದೇ ಬದಿಗೆ ತಿರುಗುತ್ತದೆ. ಹಿಂದಿನ ಟ್ರಾಲಿಗಳು ನೆಟ್ಟಗೆ ನೂಕುತ್ತವೆ.

ಇಲ್ಲೊಂದು ಉಪಜಗಳವಿದೆ. ಡೀಸೆಲ್ಲನ್ನು ವಹಿಸಿಕೊಳ್ಳುವ ಕೆಲವರು, ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಹಿಡಿಯುತ್ತದೆ, ಪೆಟ್ರೋಲಿಗೆ ಆ ಹಿಡಿತವಿಲ್ಲ ಎನ್ನುತ್ತಾರೆ. ಸಂಗತಿ ಹೆಚ್ಚು ಕಡಿಮೆ ಉಲ್ಟಾ. ಪೆಟ್ರೋಲ್ ಇಂಜಿನ್ನಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಗಾಳಿಯ ದಾರಿ ಮುಚ್ಚಿಕೊಂಡು ಪಿಸ್ಟನ್ನಿಗೆ ಎದುರೆಳೆತ ಹುಟ್ಟುತ್ತದೆ. ಡೀಸೆಲ್ಲಿನಲ್ಲಿ ಗಾಳಿಯ ದಾರಿ ತೆರೆದೇ ಇರುತ್ತದೆ; ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಬೇಕಾಗುವುದು ಇದಕ್ಕೇ. ತಗ್ಗಿನ ಗೇರಿನಲ್ಲಿ ಟ್ರ್ಯಾಕ್ಟರ್ ಹಿಡಿಯುವುದು ನಿಜ, ಆದರೆ ಅದು ಗೇರಿನ ಗುಣ. ಅದಿರಲಿ, ಇಂಜಿನ್ ಎಷ್ಟೇ ಹಿಡಿದರೂ ಆ ಹಿಡಿತ ರಸ್ತೆಗೆ ಮುಟ್ಟುವುದು ಅದೇ ಹಿಂದಿನ ಎರಡು ಟಾಯರುಗಳ ಮೂಲಕ. ಅವು ಜಾರಿದಲ್ಲಿಗೆ ಡೀಸೆಲ್ಲೂ ಮುಗಿಯಿತು, ಪೆಟ್ರೋಲೂ ಮುಗಿಯಿತು. ಹಂಗಾಮಿನಲ್ಲಿ ಪ್ಲೇಟು ಸವೆಯದಂತೆ ಬ್ರೇಕನ್ನು ಕಾಯುವುದಕ್ಕೆ ಇಂಜಿನ್ ಹಿಡಿತ ಒಳ್ಳೆಯದು. ನಿಲ್ಲಿಸುವ ಶಕ್ತಿಯ ಮೇಲ್ಮಿತಿಯನ್ನು ಅದು ಏರಿಸಲಾರದು.

ಈ ಪ್ರಶ್ನೆ ನಮ್ಮಲ್ಲಿಗೆ ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. ಹಳೇ ಟ್ರಕ್ಕು ಕೊಂಡು ಟ್ರೇಲರ್ ಎಳೆಯಲು ಪೆಟ್ರೋಲೋ ಡೀಸೆಲ್ಲೋ ಎಂದು ತಲೆ ಕೆಡಿಸಿಕೊಳ್ಳುವುದು ಅಮೆರಿಕದ ಹವ್ಯಾಸ. ಅಲ್ಲಿ ಎಂಟು ಸಿಲಿಂಡರಿನ ಪೆಟ್ರೋಲ್ ಪಿಕಪ್ಪುಗಳು ಸಿಗುತ್ತವೆ, ಚರ್ಚೆಗೆ ಅರ್ಥವಿದೆ. ನಮ್ಮ ವಿಡಿಯೋ ವಿಮರ್ಶಕರು ಅಲ್ಲಿಂದ ಎತ್ತಿಕೊಂಡದ್ದು ಎಳೆತದ ಅರ್ಧ. ಆ ದೇಶದ ಹೆಚ್ಚಿನ ರಾಜ್ಯಗಳಲ್ಲಿ 3000 ಪೌಂಡ್, ಅಂದರೆ ಸುಮಾರು 1360 ಕಿಲೋ ದಾಟಿದ ಟ್ರೇಲರಿಗೆ ಅದರದೇ ಬ್ರೇಕ್ ಇರಬೇಕು. ಎಳೆಯುವ ತಾಕತ್ತನ್ನು ಘೋಷಿಸಲು ಅವರು ಬಳಸುವ ಎಸ್ಎಇ ಜೆ2807 ಎಂಬ ಮಾನದಂಡದಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರು ಹತ್ತುವ ಪರೀಕ್ಷೆಯ ಜೊತೆ ಬ್ರೇಕಿನ ಪರೀಕ್ಷೆಯೂ ಇದೆ. ಅಂದರೆ ಅವರು ನಿಲ್ಲಿಸುವ ಪ್ರಶ್ನೆಯನ್ನು ಕಾಯಿದೆಗೆ ಒಪ್ಪಿಸಿ, ಆಮೇಲೆ ಎಳೆಯುವ ಬಗ್ಗೆ ವಾದಕ್ಕಿಳಿದವರು. ನಾವು ಒಂದೊಂದು ಟ್ರಾಲಿಯಲ್ಲಿ ಆ ಮಿತಿಯ ಆರೇಳು ಪಟ್ಟು ಭಾರ ತುಂಬಿ, ಬ್ರೇಕಿಲ್ಲದೆ, ವಾದವನ್ನು ಮಾತ್ರ ಆಮದು ಮಾಡಿಕೊಂಡಿದ್ದೇವೆ. ಜಾತ್ರೆಯ ಟ್ರ್ಯಾಕ್ಟರ್ ಜಗ್ಗುವ ಪಂದ್ಯಗಳನ್ನು ಚಿತ್ರೀಕರಿಸಿ "ದಮ್" ಅಳೆಯುವ ಈ ವಿಮರ್ಶಕರಲ್ಲಿ ತುಂಬಿದ ಟ್ರಾಲಿ ಕಟ್ಟಿ ನಿಲ್ಲಿಸಿ ತೋರಿಸಿದವರನ್ನು ನಾನು ಕಂಡಿಲ್ಲ.

ಎರಡನೇ ಟ್ರಾಲಿ ದುರಾಸೆಯಲ್ಲ ಎಂಬುದನ್ನು ಒಪ್ಪಬೇಕು. ಸಾಗಣೆಯ ದುಡ್ಡು ಟನ್ನಿಗೆ, ದೂರಕ್ಕೆ ಸಿಗುತ್ತದೆ. ಹಂಗಾಮಿಗೆ ತಿಂಗಳುಗಟ್ಟಲೆ ಮೊದಲೇ ಕಾರಖಾನೆಯೊಡನೆ ಕರಾರಾಗಿ, ಬೀಡ ಕಡೆಯ ಕಬ್ಬು ಕಡಿಯುವವರ ಮುಕಾದಮನಿಗೆ ಉಚಲ್, ಅಂದರೆ ಮುಂಗಡ, ಕೊಟ್ಟಾಗಿರುತ್ತದೆ. ಉಚಲ್ ತೆಗೆದುಕೊಂಡ ಟೋಳಿ ಬರದೇ ಹೋದ ಕಥೆ ಊರೂರಲ್ಲಿದೆ. ಜಯಸಿಂಗಪುರದಲ್ಲಿ ಕಬ್ಬು ಬೆಳೆಗಾರರು ಸೇರುವ ಊಸ್ ಪರಿಷತ್ತಿನ ನಂತರ ದರದ ಹೋರಾಟ ಎಳೆದಾಡಿದರೆ ಹಂಗಾಮು ತಡವಾಗುತ್ತದೆ, ಸಾಲದ ಕಂತು ತಡವಾಗುವುದಿಲ್ಲ. ಲಾರಿ ಸುರಕ್ಷಿತವೆಂದು ಹೇಳುವುದು ಸುಲಭ. ಆದರೆ ಹಸಿ ಫಡದೊಳಗೆ ಲಾರಿ ಇಳಿಯದು, ಟ್ರಾಲಿಯನ್ನು ಅಲ್ಲೇ ಬಿಟ್ಟು ತುಂಬಿಸಿದಂತೆ ಲಾರಿಯನ್ನು ಬಿಟ್ಟು ಹೋಗಲಾಗದು. ಇಷ್ಟೆಲ್ಲ ನಿಜವಿದ್ದೂ 25 ಟನ್ನಿಗೆ ಒಂದು ಟನ್ ಎಂಬ ಲೆಕ್ಕ ಬದಲಾಗುವುದಿಲ್ಲ.

ಹಳೆಯದರ ಮೋಹ ಈಗ ಇನ್ನೂ ಬಲಿತಿದೆ. 2023ರ ಜನವರಿಯಿಂದ 50 ಎಚ್‌ಪಿ ದಾಟಿದ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂತು; ಅದರ ಜೊತೆ ಕಾಮನ್ ರೇಲ್, ಸೆನ್ಸರುಗಳು ಬಂದವು. ಊರಿನ ಪಂಪ್ ಮೇಸ್ತ್ರಿ ಬಿಚ್ಚಿ ಕೂಡಿಸಬಲ್ಲ ಹಳೇ ಪಂಪಿನ ಟ್ರ್ಯಾಕ್ಟರನ್ನು ಹುಡುಕಿಕೊಂಡು ಜನ ಹೋಗುವುದು ಸಹಜ. ದಿಲ್ಲಿ ಸೀಮೆಯಲ್ಲಿ 2015ರ ಹಸಿರು ನ್ಯಾಯಮಂಡಳಿಯ ಆದೇಶ, 2018ರ ಸುಪ್ರೀಂ ಕೋರ್ಟಿನ ಆದೇಶಗಳ ನಂತರ 10 ವರ್ಷ ದಾಟಿದ ಡೀಸೆಲ್ ಗಾಡಿಗಳು ಎನ್‌ಒಸಿ ಹಿಡಿದು ಬೇರೆ ರಾಜ್ಯಗಳಿಗೆ ಬಂದದ್ದೂ ಇದೇ ಮೋಹಕ್ಕೆ ಎಣ್ಣೆ ಎರೆಯಿತು. ಆ ಗಾಡಿಗಳನ್ನು ಹೊರಗೆ ಹಾಕಿದ್ದು ಹೊಗೆಯ ಕಾರಣಕ್ಕೆ, ವಯಸ್ಸಿನ ಮೇಲೆ. ಅವುಗಳ ಬ್ರೇಕ್ ಸ್ಥಿತಿಯ ಬಗ್ಗೆ ಆ ಆದೇಶಗಳು ಏನನ್ನೂ ಹೇಳುವುದಿಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಕಬ್ಬು ಜಗ್ಗಲು ಹಳೇ ಡೀಸೆಲ್ ಟ್ರ್ಯಾಕ್ಟರನ್ನೇ ಕೊಳ್ಳಿ, ಬೇರೆ ಆಯ್ಕೆ ಇಲ್ಲ. ಆದರೆ ಒಂದು ಟ್ರಾಲಿಗೆಂದು ಕೊಳ್ಳಿ. ಮುಚ್ಚಳ ತೆಗೆಯುವ ಮೊದಲು ಹುಕ್ಕಿನ ತೂತು ನೋಡಿ, ಕ್ಲಚ್ ಹೌಸಿಂಗಿನ ಕೂಡು ನೋಡಿ, ತುಂಬಿದ ಟ್ರಾಲಿ ಕಟ್ಟಿಸಿ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ನೋಡಿ. ಅದಕ್ಕೆ ಒಪ್ಪದ ಮಾಲೀಕನ ಗಾಡಿ ಬಿಟ್ಟು ಬನ್ನಿ. ಎರಡನೆಯದನ್ನು ಕಟ್ಟಲೇಬೇಕಾದರೆ ಟ್ರಾಲಿಗಳಿಗೆ ಓವರ್‌ರನ್ ಬ್ರೇಕನ್ನಾದರೂ ಹಾಕಿಸಿ. ಟ್ರಾಲಿ ಮುಂದಕ್ಕೆ ನೂಕಿದ ಬಲದಿಂದಲೇ ಅದರ ಗಾಲಿಗೆ ಬ್ರೇಕ್ ಬೀಳುವ ಏರ್ಪಾಡು ಅದು, ಟ್ರ್ಯಾಕ್ಟರಿನಿಂದ ಪೈಪು ಎಳೆಯಬೇಕಿಲ್ಲ. ಆ ಖರ್ಚನ್ನು ಟ್ರ್ಯಾಕ್ಟರಿನ ಬೆಲೆಯಲ್ಲೇ ಸೇರಿಸಿ ಚೌಕಾಸಿ ಮಾಡಿ. ಕಾರಖಾನೆಗಳಿಗೂ ಒಂದು ಮಾತು: ಹಂಗಾಮಿನ ಆರಂಭದಲ್ಲಿ ರಿಫ್ಲೆಕ್ಟರ್ ಹಚ್ಚುವುದು ಒಳ್ಳೆಯ ಕೆಲಸ, ಮುಂದಿನ ಸಾಗಣೆ ಕರಾರಿಗೆ ಸಹಿ ಮಾಡಿಸುವಾಗ ಟ್ರಾಲಿಗೆ ಬ್ರೇಕ್ ಇದೆಯೇ ಎಂಬುದನ್ನೂ ಕೇಳಿ.