ಹದಿಬದೆಯೂ ಪೆಣ್ಣೂ

ಸಂಚಿಯ ಹೊನ್ನಮ್ಮನ ಹೆಸರನ್ನು ಅರಿಯದ ಕನ್ನಡ ಶಿಕ್ಷಕರು ವಿರಳ. ಎಳಂದೂರಿನಲ್ಲಿ ಹುಟ್ಟಿ, ಮೈಸೂರು ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದು, ಚಿಕ್ಕದೇವರಾಜ ಒಡೆಯರ ಆಳಿಕೆಯಲ್ಲಿ (1673–1704) ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದವಳು ಆಕೆ. ಆದರೆ ಈ ಕಾವ್ಯದಿಂದ ನಮ್ಮ ತರಗತಿಗಳಿಗೆ ಬರುವುದು ಪ್ರಾಯಶಃ ಒಂದೇ ಪದ್ಯ. ಹೆತ್ತವಳು ಯಾರು, ಸಾಕಿದವಳು ಯಾರು ಎಂದು ಕೇಳಿ, ಹೆಣ್ಣನ್ನು ಹೀಗಳೆಯುವವರನ್ನು ಕುರುಡರೆಂದು ಜರೆಯುವ ಪದ್ಯವದು. ಅದನ್ನು ಕಂಠಪಾಠ ಮಾಡಿಸುವಾಗ ಕೆಲವರು ಅಲ್ಲಿಯ ‘ಪೆಣ್ಣು’ ಎಂಬುದನ್ನು ‘ಹೆಣ್ಣು’ ಎಂದು ತಿದ್ದಿ ಹೇಳಿಕೊಡುತ್ತಾರೆ. ಮಕ್ಕಳಿಗೆ ಸುಲಭವಾಗಲೆಂಬ ಸದುದ್ದೇಶದ ಈ ತಿದ್ದುಪಡಿಯನ್ನು ನಾವು ಒಪ್ಪಲಾರೆವು.

ಕಾರಣವನ್ನು ಗ್ರಂಥದ ಹೆಸರಿನಿಂದಲೇ ತೊಡಗೋಣ. ‘ಹದಿಬದೆ’ ಎಂಬುದು ಸಂಸ್ಕೃತದ ‘ಪತಿವ್ರತೆ’ಯ ತದ್ಭವ. ಪಕಾರವು ಹಕಾರವಾಯಿತು, ತಕಾರವು ದಕಾರವಾಯಿತು, ವಕಾರವು ಬಕಾರವಾಯಿತು. ಹೊನ್ನಮ್ಮನು ಕೈಹಿಡಿಯದಿದ್ದರೆ ಈ ಶಬ್ದವನ್ನು ಇಂದು ನಿಘಂಟುಗಳಲ್ಲಿ ಹುಡುಕಬೇಕಾಗುತ್ತಿತ್ತು. ಈಗ ವಿಚಿತ್ರವನ್ನು ನೋಡಿರಿ. ಪರಭಾಷೆಯಿಂದ ಬಂದ ಶಬ್ದವು ಹೊಸಗನ್ನಡದ ಹಕಾರವನ್ನು ತೊಟ್ಟು ಗ್ರಂಥದ ನೆತ್ತಿಯ ಮೇಲೆ ಕುಳಿತಿದೆ. ಅಚ್ಚಗನ್ನಡದ ‘ಪೆಣ್ಣು’ ಮಾತ್ರ ಹಳೆಯ ಪಕಾರವನ್ನು ಬಿಡದೆ ಪದ್ಯದೊಳಗೆ ನಿಂತಿದೆ. ಆಕೆಯ ಕಾಲಕ್ಕೆ ಶತಮಾನಗಳ ಮೊದಲೇ ಜನರ ಬಾಯಲ್ಲಿ ಪಕಾರವು ಹಕಾರವಾಗಿತ್ತು. ಊಳಿಗದವರ ನಡುವೆ ಹೊನ್ನಮ್ಮನೂ ‘ಹೆಣ್ಣು’ ಎಂದೇ ಮಾತಾಡಿರಬೇಕು.

ಛಂದಸ್ಸಿನ ಒತ್ತಾಯಕ್ಕೆ ಹೀಗೆ ಬರೆದಳೆನ್ನಲು ಬರುವುದಿಲ್ಲ. ಪೆಣ್ಣು, ಹೆಣ್ಣು ಎರಡಕ್ಕೂ ಮೂರೇ ಮಾತ್ರೆ. ಪ್ರಾಸವು ನಿಲ್ಲುವುದು ಎರಡನೆಯ ಅಕ್ಷರವಾದ ‘ಣ್ಣು’ವಿನಲ್ಲಿ, ಅದು ಎರಡರಲ್ಲಿಯೂ ಒಂದೇ. ಹಳೆಯ ಕಾವ್ಯಗಳ ಭಾಷೆಯ ಗೌರವವನ್ನು ಈ ಸಾಲುಗಳಿಗೆ ತರಬೇಕೆಂಬ ಇಚ್ಛೆಯೇ ಇಲ್ಲಿ ಕೆಲಸ ಮಾಡಿದೆಯೆಂದು ನಮ್ಮ ಎಣಿಕೆ. ‘ಪೊರೆ’ ಎಂಬ ಧಾತುವಿನ ನೆರೆಯಲ್ಲಿ ‘ಪೆಣ್ಣು’ ಎಂದಾಗ ಕಿವಿಗೆ ಆಗುವ ಹಿತವೂ ಇದೆ. ತುಟಿಗಳು ಕೂಡಿ ಬಿಚ್ಚುವ ಆ ಪಕಾರದಲ್ಲಿರುವ ಬಿಗುಪು, ಬರಿಯ ಉಸಿರಾದ ಹಕಾರಕ್ಕೆ ಎಲ್ಲಿಂದ ಬರಬೇಕು?

ಆದರೆ ಧ್ವನಿಗಿಂತ ಅರ್ಥದ ಮಾತು ದೊಡ್ಡದು. ‘ಪೆಣ್’ ಎಂಬುದರಿಂದಲೇ ‘ಪೆಂಡಿರ್’ ಬಂದಿತು. ಹಳಗನ್ನಡದಲ್ಲಿ ಅದಕ್ಕೆ ಸ್ತ್ರೀಯರು ಎಂಬ ವಿಶಾಲವಾದ ಅರ್ಥವಿತ್ತು. ತಮಿಳಿನ ‘ಪೆಂಡಿರ್’ ಎಂಬುದಕ್ಕೂ ಇದೇ ಅರ್ಥ. ಕನ್ನಡದಲ್ಲಿ ಅದು ಕುಗ್ಗುತ್ತ ಬಂದು ‘ಹೆಂಡಿರು ಮಕ್ಕಳು’ ಎಂಬ ಜೋಡುನುಡಿಯೊಳಗೆ ಸೇರಿ, ಮದುವೆಯಾದವರಿಗಷ್ಟೇ ಉಳಿಯಿತು. ಏಕವಚನದ ‘ಹೆಂಡತಿ’ ನಮ್ಮ ಗಡಿಭಾಗದಲ್ಲಿ ‘ಹೇಂತಿ’ಯಾಗಿದ್ದಾಳೆ. ಇಂಗ್ಲಿಷಿನಲ್ಲಿಯೂ ಇದೇ ಕಥೆ. ‘ವೈಫ್’ ಎಂದರೆ ಮೊದಲು ಬರಿಯ ಹೆಂಗಸು. ಆ ಅರ್ಥವು ಸೂಲಗಿತ್ತಿಗೆ ಹೇಳುವ ‘ಮಿಡ್‌ವೈಫ್’ ಎಂಬಂಥ ಕೆಲವು ಶಬ್ದಗಳಲ್ಲಿ ಅವಿತುಕೊಂಡಿದೆ. ಕೊಲ್ಲಾಪುರ, ಇಚಲಕರಂಜಿಗಳ ಮಕ್ಕಳಿಗೆ ಇಷ್ಟು ದೂರ ಹೋಗಬೇಕಾಗಿಲ್ಲ. ಮರಾಠಿಯಲ್ಲಿ ‘ಬಾಯಕಾ’ ಎಂದರೆ ಹೆಂಗಸರು, ‘ಬಾಯಕೋ’ ಎಂದರೆ ಹೆಂಡತಿ. ಬೀದಿಯಲ್ಲಿ ದಿನವೂ ಕೇಳುವ ಮಾತಿದು.

ಗಂಡಿನ ಕಡೆಯೂ ಹೀಗೆಯೇ ಆಗಿದೆ. ಕೊಲ್ಲಾಪುರದ ಶಿಲಾಹಾರ ದೊರೆ ಗಂಡರಾದಿತ್ಯನು 12ನೆಯ ಶತಮಾನದವನು. ಅವನ ಹೆಸರಿನಲ್ಲಿರುವ ‘ಗಂಡರ್’ ವೀರರೇ ಹೊರತು ಮದುಮಕ್ಕಳಲ್ಲ. ವಿಜಯನಗರದ ‘ಮೂರುರಾಯರ ಗಂಡ’ನೆಂಬ ಬಿರುದನ್ನು ಓದಿ ಹುಡುಗರು ನಗುವುದು ಸಹಜವೇ. ಆದರೆ ಗಂಡ ಶಬ್ದವು ಕುಗ್ಗಿದರೂ ಒಡೆತನದ ಗತ್ತನ್ನು ಬಿಡಲಿಲ್ಲ. ಹೆಂಡತಿಯೆಂಬ ಶಬ್ದಕ್ಕೆ ಆ ಭಾಗ್ಯವಿರಲಿಲ್ಲ.

ಈ ಹಿನ್ನೆಲೆಯಲ್ಲಿ ಪದ್ಯವನ್ನು ಮರಳಿ ಓದಬೇಕು. ‘ಹದಿಬದೆ’ಯಲ್ಲಿ ಮೊದಲೆರಡು ಅಕ್ಷರಗಳು ಪತಿಯವೇ, ಅವನನ್ನು ತೆಗೆದರೆ ಶಬ್ದವೇ ಇಲ್ಲ. ‘ಹೆಂಡತಿ’ಯೂ ಇನ್ನೊಬ್ಬನ ಸಂಬಂಧದಿಂದ ಸಲ್ಲುವ ಮಾತು. ‘ಪೆಣ್ಣು’ ಹಾಗಲ್ಲ. ಅದರಲ್ಲಿ ಪತಿಯಿಲ್ಲ, ತಂದೆಯಿಲ್ಲ. ‘ಅಬಲೆ’ಯಲ್ಲಿರುವಂತೆ ಬಲವಿಲ್ಲವೆಂಬ ತೀರ್ಪೂ ಇಲ್ಲ. ಸತಿಯ ಧರ್ಮವನ್ನು ಹೇಳಲು ಹೊರಟ ಗ್ರಂಥದಲ್ಲಿ, ಸ್ತ್ರೀಕುಲದ ಪರವಾಗಿ ನ್ಯಾಯ ಕೇಳುವ ಗಳಿಗೆ ಬಂದಾಗ, ಹೊನ್ನಮ್ಮನು ‘ಹದಿಬದೆ’ಯನ್ನು ಪಕ್ಕಕ್ಕಿರಿಸಿ ‘ಪೆಣ್ಣ’ನ್ನು ಕರೆದಳು.

ಇಷ್ಟರಿಂದ ಆಕೆಯನ್ನು ಇಂದಿನ ಸ್ತ್ರೀಸ್ವಾತಂತ್ರ್ಯದ ಹರಿಕಾರಳೆಂದು ವೇದಿಕೆಗಳಲ್ಲಿ ಹೊಗಳುವುದು ನಮಗೆ ಸರಿಗಾಣದು. ಗ್ರಂಥದ ಬಹುಭಾಗವು ಪತಿಯ ಸೇವೆಯನ್ನೂ ಹಿರಿಯರಿಗೆ ತಗ್ಗಿ ನಡೆಯುವುದನ್ನೂ ಉಪದೇಶಿಸುತ್ತದೆ. ಒಂದೇ ಪದ್ಯವನ್ನು ಕಿತ್ತು ತಂದು ಭಾಷಣ ಮಾಡುವವರು ಉಳಿದುದನ್ನು ಓದುವ ಶ್ರಮ ತೆಗೆದುಕೊಳ್ಳುವುದಿಲ್ಲ. ಎರಡು ಶಬ್ದಗಳೂ ಒಂದೇ ಲೇಖನಿಯಿಂದ ಬಂದುವು. ಅವುಗಳ ನಡುವಿನ ಜಗ್ಗಾಟವೇ ಈ ಕಾವ್ಯದ ಜೀವ. ‘ಪೆಣ್ಣು’ ಎಂಬುದನ್ನು ತಿದ್ದಿ ದಿನಬಳಕೆಯ ಮಾತಾಗಿಸಿದರೆ ವಿದ್ಯಾರ್ಥಿಯು ಅಲ್ಲಿ ಒಂದು ಕ್ಷಣವೂ ತಡೆಯುವುದಿಲ್ಲ. ತಡೆಯದವನಿಗೆ ಈ ಜಗ್ಗಾಟ ಕಾಣುವುದಾದರೂ ಹೇಗೆ? ಅರ್ಥವನ್ನು ಹಲಗೆಯ ಮೇಲೆ ಬರೆಯೋಣ. ಪದ್ಯವು ಇದ್ದಂತೆಯೇ ಇರಲಿ.

ಇದೇ ಪದ್ಯದಲ್ಲಿ ‘ಗಾವಿಲ’ ಎಂಬ ಇನ್ನೊಂದು ಹಳೆಯ ಶಬ್ದವಿದೆ. ಮೂಢನೆಂದು ಅರ್ಥ ಹೇಳುವುದು ರೂಢಿ. ಮೂಲದಲ್ಲಿ ಹಳ್ಳಿಗನೆಂದೇ ಅರ್ಥ. ಗಡಹಿಂಗ್ಲಜದ ಹುಡುಗರಿಗೆ ಇದು ಬೇಗನೆ ತಿಳಿಯುತ್ತದೆ, ಏಕೆಂದರೆ ಮರಾಠಿಯ ‘ಗಾವ್’ ಅವರಿಗೆ ಪರಿಚಿತ. ‘ಗಾವಂಢಳ’ ಎಂಬ ಬೈಗಳಂತೂ ಇನ್ನೂ ಪರಿಚಿತ. ಹೆಣ್ಣನ್ನು ಹೀಗಳೆಯುವವರು ಹಳ್ಳಿಗಳಲ್ಲಿ ಮಾತ್ರ ಇದ್ದಾರೆಂದು ಅರಮನೆಯ ಹೊನ್ನಮ್ಮನು ಭಾವಿಸಿದ್ದಳೋ ಏನೋ! ಈ ಒಂದು ವಿಷಯದಲ್ಲಿ ಹಳ್ಳಿಯ ಶಾಲೆಯ ಮಾಸ್ತರರಾದ ನಾವು ಆಕೆಯೊಡನೆ ಜಗಳವಾಡಬೇಕಾಗಿದೆ.